ಚರ್ಚೆಯ ಬೆನ್ನಲ್ಲೇ ಕರಗಿದ ಮುನ್ನಡೆಯನ್ನು ಓದುವ ಬಗೆ

ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ, 2012ರ ಅಕ್ಟೋಬರ್ 3ರಂದು ಡೆನ್ವರ್‌ನಲ್ಲಿ ಎದುರಾಳಿ ಮಿಟ್ ರಾಮ್ನಿ ಜೊತೆ ನಡೆದ ಚರ್ಚೆಯಲ್ಲಿ ಮಂಕಾಗಿ ಕಂಡ ಒಬಾಮಾ ಅವರ ಸಮೀಕ್ಷೆಗಳಲ್ಲಿನ ಮುನ್ನಡೆ ಒಂದೇ ವಾರದಲ್ಲಿ ಕರಗಿದ್ದೇಕೆ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಬದಲಾದದ್ದು ಮತದಾರರ ಮನಸ್ಸಲ್ಲ, ಸಮೀಕ್ಷೆಗೆ ಉತ್ತರಿಸಿದವರ ಗುಂಪು. ತಮ್ಮ ಅಭ್ಯರ್ಥಿ ಎಡವಿದ ವಾರ ಬೆಂಬಲಿಗರಿಗೆ ಫೋನೆತ್ತಿ ರಾಜಕೀಯ ಮಾತನಾಡುವ ಉತ್ಸಾಹ ಉಳಿಯುವುದಿಲ್ಲ. ಎದುರಾಳಿಯ ಕಡೆಯವರೋ ಹುರುಪಿನಿಂದ ಉತ್ತರಿಸುತ್ತಾರೆ. ಅಮೆರಿಕದ ಸಮೀಕ್ಷಾ ಸಂಸ್ಥೆ ಪ್ಯೂ ನಡೆಸಿದ ಸಮೀಕ್ಷೆಯಲ್ಲಿ ಸೆಪ್ಟೆಂಬರ್‌ನಲ್ಲಿ 8 ಶೇಕಡಾ ಅಂಶ ಮುಂದಿದ್ದ ಒಬಾಮಾ, ಚರ್ಚೆಯ ನಂತರ 4 ಅಂಶ ಹಿಂದೆ ಬಿದ್ದರು. ನವೆಂಬರ್‌ನಲ್ಲಿ ಗೆದ್ದದ್ದು ಸುಮಾರು 4 ಅಂಶಗಳಿಂದ.

ಮೊದಲು ಒಂದೇ ಸಂಸ್ಥೆಯ ಹಿಂದಿನ ಮತ್ತು ಈಗಿನ ಸಮೀಕ್ಷೆಗಳನ್ನು ಮಾತ್ರ ಹೋಲಿಸಿ. ಅನಂತರ ಎರಡರಲ್ಲಿಯೂ ತಮ್ಮನ್ನು ಡೆಮಾಕ್ರಟ್, ರಿಪಬ್ಲಿಕನ್ ಎಂದು ಗುರುತಿಸಿಕೊಂಡವರ ಪಾಲು ಎಷ್ಟೆಂದು ಸಮೀಕ್ಷೆಯ ಕೋಷ್ಟಕದಲ್ಲಿ ಹುಡುಕಿ. ಆ ಪಾಲೂ ಮುನ್ನಡೆಯೊಡನೆಯೇ ವಾಲಿದ್ದರೆ ಕುಸಿತವನ್ನು ಅನುಮಾನಿಸಬೇಕು. ಸಾವಿರ ಜನರ ಸಮೀಕ್ಷೆಯಲ್ಲಿ ಒಬ್ಬರ ಮತಪ್ರಮಾಣ 3 ಅಂಶ ಅತ್ತಿತ್ತ ಆಗಬಹುದು, ಇಬ್ಬರ ನಡುವಿನ ಅಂತರವಾದರೆ ಅದರ ಸುಮಾರು ಇಮ್ಮಡಿ (ಸುದ್ದಿವಾಹಿನಿಗಳು ಇದನ್ನು ಹೇಳುವುದೇ ಅಪರೂಪ).

ಆದರೆ ಪ್ರತಿಯೊಂದು ಕುಸಿತವೂ ಹುಸಿಯಲ್ಲ. ಬ್ರಿಟನ್ನಿನಲ್ಲಿ 2017ರ ಮೇ 18ರಂದು ಆಗಿನ ಪ್ರಧಾನಿ ಥೆರೆಸಾ ಮೇ ವೃದ್ಧರ ಆರೈಕೆಯ ವೆಚ್ಚಕ್ಕೆ ಮನೆಯ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯುವ ಪ್ರಣಾಳಿಕೆ ಪ್ರಕಟಿಸಿ, ನಾಲ್ಕೇ ದಿನಗಳಲ್ಲಿ ಅದನ್ನು ತಿದ್ದಿಕೊಂಡರು. ಜೂನ್ 8ರಂದು ಬಹುಮತವನ್ನೇ ಕಳೆದುಕೊಂಡರು. ಅದರಲ್ಲಿ ಈ ಎಡವಟ್ಟಿನ ಪಾಲೆಷ್ಟು, ವಿರೋಧ ಪಕ್ಷವಾದ ಲೇಬರ್‌ನ ಏರಿಕೆಯ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಆದ್ದರಿಂದ ಎರಡು ವಾರ ಕಾದು, ಹಲವು ಸಂಸ್ಥೆಗಳ ಸರಾಸರಿಯಲ್ಲಿಯೂ ಕುಸಿತ ಉಳಿದಿದ್ದರೆ ಮಾತ್ರ ಅದನ್ನು ನಂಬಿ.