ಸ್ಟಾಫ್ ಮೀಟಿಂಗಿನಲ್ಲಿ ಯಾರೂ ಬಾಯಿ ಬಿಡುತ್ತಿಲ್ಲ. ‘ತಿಂಗಳ ಶಿಕ್ಷಕ’ ಪ್ರಶಸ್ತಿ ಶುರು ಮಾಡಿದರೆ ಹೇಗೆ?

ಬೇಡ. ದಯವಿಟ್ಟು ಬೇಡ.

ಹೊಸದಾಗಿ ಹೆಡ್‌ಮಾಸ್ಟರ್ ಆಗಿದ್ದೀರಿ, ಮೀಟಿಂಗಿನಲ್ಲಿ ಎಲ್ಲರೂ ಸುಮ್ನೆ ಕೂರುತ್ತಾರೆ, ಹುರುಪು ಬರಲಿ ಅಂತ ನಗದು ಬಹುಮಾನ, ಬೋರ್ಡಿನಲ್ಲಿ ಫೋಟೊ ಇಡೋಣವೇ ಅಂತ ಕೇಳಿದ್ದೀರಿ, ಸರ್ಟಿಫಿಕೇಟ್ ಡಿಸೈನ್ ಕೂಡ ಮಾಡಿಸಿದ್ದೀರಿ. ನಾನೂ ಮಾಡಿಸಿದ್ದೆ. ನನ್ನದಕ್ಕೆ ನೀಲಿ ಅಂಚಿತ್ತು.

ನಾನು ಎಚ್‌ಎಂ ಆದ ಮೊದಲ ವರ್ಷದ ಮಾತು. ಐದನೇ ತರಗತಿ ಮಕ್ಕಳು ಭಿನ್ನರಾಶಿ ಕೂಡುವಾಗ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿಬಿಡುತ್ತಿದ್ದರು. 1/2ಕ್ಕೆ 1/3 ಕೂಡಿಸಿದರೆ 2/5! ಗಣಿತದ ಮೇಡಂ ಲ.ಸಾ.ಅ. ಹೇಳಿ ಹೇಳಿ ಸುಸ್ತಾಗಿದ್ದರು. ಒಂದು ದಿನ ಸ್ಟಾಫ್ ರೂಮಿನಲ್ಲಿ ನೋಟ್‌ಬುಕ್ ತಿದ್ದುತ್ತಾ ಗೊಣಗಿದ್ದಾರೆ. ಆಗಷ್ಟೇ ಕೆಲಸಕ್ಕೆ ಸೇರಿದ್ದ ಭಾಷಾ ಶಿಕ್ಷಕಿ ಅದನ್ನು ಕೇಳಿಸಿಕೊಂಡು, “2/5 ಅಂದ್ರೆ ಅರ್ಧಕ್ಕಿಂತ ಕಡಿಮೆ ಅಲ್ವಾ ಮೇಡಂ? ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ್ರೆ ಅದು ಕಡಿಮೆ ಹೇಗಾಗುತ್ತೆ? ಇದನ್ನ ಕಣ್ಣಿಗೆ ಕಾಣೋ ಹಾಗೆ ತೋರಿಸೋಕಾಗಲ್ವಾ?” ಅಂದರಂತೆ. ಪಕ್ಕದಲ್ಲಿದ್ದ ಡ್ರಾಯಿಂಗ್ ಮೇಷ್ಟ್ರು ಅಂದೇ ಸಂಜೆ ಕೂತು ರಟ್ಟು ಕತ್ತರಿಸಿದರು. ಒಂದು ಪೂರ್ತಿ ಪಟ್ಟಿ. ಅದೇ ಉದ್ದವನ್ನು ಎರಡು, ಮೂರು, ಆರು ತುಂಡು ಮಾಡಿದ ಪಟ್ಟಿಗಳು, ಒಂದೊಂದಕ್ಕೂ ಬೇರೆ ಬಣ್ಣ. ಅರ್ಧದ ತುಂಡಿನ ಪಕ್ಕ ಮೂರನೇ ಒಂದರ ತುಂಡನ್ನಿಟ್ಟು, ಕೆಳಗೆ ಆರನೇ ಒಂದರ ಚೂರುಗಳನ್ನು ಜೋಡಿಸಿದರೆ ಸರಿಯಾಗಿ ಐದು ಕೂರುತ್ತವೆ. 5/6. ಎರಡು ವಾರದಲ್ಲಿ ಹೆಚ್ಚಿನ ಮಕ್ಕಳು 2/5 ಬರೆಯುವುದನ್ನೇ ಬಿಟ್ಟರು.

ಇದರ ಹಿಂದಿನ ಕಥೆ ಯಾವುದೂ ನನಗೆ ಆಗ ಗೊತ್ತಿರಲಿಲ್ಲ. ನಾನು ಕಂಡಿದ್ದು ಗಣಿತದ ಕ್ಲಾಸು, ಗಣಿತದ ಮೇಡಂ. ಮೊದಲ ಸರ್ಟಿಫಿಕೇಟ್ ಅವರಿಗೇ.

ತಪ್ಪಾಗಿದ್ದು ಇಲ್ಲಿ ಅಂತ ನೀವು ಅಂದುಕೊಳ್ಳಬಹುದು. ಅಲ್ಲ. ವಿಷಯ ಗೊತ್ತಿಲ್ಲದಿರುವುದು ತಪ್ಪಲ್ಲ, ಹೆಡ್‌ಮಾಸ್ಟರಿಗೆ ಅರ್ಧ ವಿಷಯ ಗೊತ್ತೇ ಇರುವುದಿಲ್ಲ. ತಪ್ಪಾಗಿದ್ದು ಅದಾದ ಮೇಲಿನ ಹತ್ತು ಸೆಕೆಂಡಿನಲ್ಲಿ. ಹೆಸರು ಕರೆದಾಗ ಮೇಡಂ ಎದ್ದು ನಿಂತು, “ಸರ್, ಇದು ನಾನೊಬ್ಬಳೇ...” ಅಂತ ಶುರು ಮಾಡಿದರು. ನಾನು ನಗುತ್ತಾ, “ವಿನಯ ಸಾಕು ಮೇಡಂ, ತಗೊಳ್ಳಿ” ಅಂದೆ. ಎಲ್ಲರೂ ನಕ್ಕರು. ಚಪ್ಪಾಳೆ. ಮೇಡಂ ಬಾಯಿ ಮುಚ್ಚಿಕೊಂಡು ಸರ್ಟಿಫಿಕೇಟ್ ಹಿಡಿದುಕೊಂಡರು. ಡ್ರಾಯಿಂಗ್ ಮೇಷ್ಟ್ರೂ ಚಪ್ಪಾಳೆ ತಟ್ಟಿದರು, ಎಲ್ಲರಿಗಿಂತ ಮೊದಲು ನಿಲ್ಲಿಸಿದರು.

ಆ ಒಂದು ವಾಕ್ಯವನ್ನು ಪೂರ್ತಿ ಮಾಡಲು ಬಿಟ್ಟಿದ್ದರೆ! ಮೂರು ಹೆಸರು ಹೊರಗೆ ಬರುತ್ತಿದ್ದವು, ಅದೂ ಅವರ ಬಾಯಿಂದಲೇ. ನಾನು ಅವರ ವಾಕ್ಯವನ್ನು ವಿನಯ ಅಂದುಕೊಂಡೆ. ಅದು ವಿನಯವಲ್ಲ, ಮಾಹಿತಿ. ಇಡೀ ಮೀಟಿಂಗಿನಲ್ಲಿ ಬಂದ ಒಂದೇ ಒಂದು ಮಾಹಿತಿ. ಅವರನ್ನು ಹೊಗಳುವ ಆತುರದಲ್ಲಿ ಅದನ್ನು ತಡೆದೆ. ಒಬ್ಬರ ಹೆಸರು ಮಾತ್ರ ಬರೆಯಲು ಜಾಗವಿರುವ ಕಾಗದ ಕೈಯಲ್ಲಿದ್ದರೆ ಮೂರು ಹೆಸರು ಕೇಳಿಸುವುದೇ ಇಲ್ಲ, ನೋಡಿ.

ಮುಂದಿನ ವಾರ ಪಟ್ಟಿಗಳ ಪೆಟ್ಟಿಗೆ ಡ್ರಾಯಿಂಗ್ ಮೇಷ್ಟ್ರ ಬೀರು ಸೇರಿತು, ಮೇಲೆ ದಪ್ಪಕ್ಷರದಲ್ಲಿ ಅವರ ಹೆಸರು. ಮೇಡಂ ಖಾಲಿ ಕ್ಲಾಸಿನಲ್ಲಿ ಕೂತು ನೋಟ್‌ಬುಕ್ ತಿದ್ದತೊಡಗಿದರು. ಭಾಷಾ ಶಿಕ್ಷಕಿ ವರ್ಷದ ಕೊನೆಗೆ ಕೆಲಸ ಬಿಟ್ಟರು. ಕೇಳಿದ್ದಕ್ಕೆ ಓಡಾಟ ದೂರ ಆಗುತ್ತೆ ಅಂದರು. ಪ್ರಶಸ್ತಿಯನ್ನು ಮಾತ್ರ ನಾನು ಇನ್ನೂ ಏಳು ತಿಂಗಳು ಬಿಡದೆ ಕೊಟ್ಟೆ!

ಆಮೇಲೆ ಎಲ್ಲೋ ಓದಿದೆ. 1973ರಲ್ಲಿ ಲೆಪರ್, ಗ್ರೀನ್, ನಿಸ್ಬೆಟ್ ಅನ್ನೋ ಮೂವರು ಮನಶ್ಶಾಸ್ತ್ರಜ್ಞರು ಚಿತ್ರ ಬರೆಯುವುದೆಂದರೆ ಇಷ್ಟ ಇದ್ದ ಪುಟ್ಟ ಮಕ್ಕಳನ್ನು ಆರಿಸಿ, ಕೆಲವರಿಗೆ “ಬರೆದರೆ ಸರ್ಟಿಫಿಕೇಟ್ ಕೊಡ್ತೀವಿ” ಅಂದರಂತೆ. ಒಂದೆರಡು ವಾರದ ನಂತರ ನೋಡಿದರೆ ಅದೇ ಮಕ್ಕಳು ಉಳಿದವರಿಗಿಂತ ಹೆಚ್ಚುಕಡಿಮೆ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆಯುತ್ತಿದ್ದರು. ಮೊದಲೇ ಹೇಳದೆ, ಚಿತ್ರ ಬರೆದ ಮೇಲೆ ಸರ್ಟಿಫಿಕೇಟ್ ಕೊಟ್ಟ ಮಕ್ಕಳ ಆಸಕ್ತಿಗೆ ಏನೂ ಆಗಿರಲಿಲ್ಲ. ನಮ್ಮ ಶಿಕ್ಷಕರು ಪುಟ್ಟ ಮಕ್ಕಳಲ್ಲ, ನಿಜ. ಆದರೆ ರಟ್ಟು ಕತ್ತರಿಸುವಾಗ ಡ್ರಾಯಿಂಗ್ ಮೇಷ್ಟ್ರ ತಲೆಯಲ್ಲಿ ಸರ್ಟಿಫಿಕೇಟ್ ಇರಲಿಲ್ಲ ಅನ್ನೋದು ನನಗೆ ಗೊತ್ತು.

ಇನ್ನು ನಿಮ್ಮ ಪ್ರಶ್ನೆ. “ಶಿಕ್ಷಕರು ಮಾತಾಡಲ್ಲ” ಅಂದಿದ್ದೀರಿ. ನಾನು ನಂಬಲ್ಲ. ಸ್ಟಾಫ್ ರೂಮಿನಲ್ಲಿ ಮಾತಾಡ್ತಾರೆ, ಕಾರಿಡಾರಿನಲ್ಲಿ ಮಾತಾಡ್ತಾರೆ. ನಿಮ್ಮ ಮುಂದೆ ಮಾತಾಡಲ್ಲ, ಅಷ್ಟೇ. ನೀವು ಮೊದಲು ನಿಮ್ಮ ಅಭಿಪ್ರಾಯ ಹೇಳಿ, ಆಮೇಲೆ “ಯಾರಾದರೂ ಏನಾದರೂ ಹೇಳ್ತೀರಾ?” ಅಂತ ಕೇಳುವವರಾದರೆ (ನಾನು ಹಾಗೇ ಕೇಳುತ್ತಿದ್ದೆ) ಏನು ಹೇಳಬೇಕು ಅವರು?

ನಾನು ಬದಲಿಸಿದ್ದು ಸ್ವಲ್ಪವೇ. ಮೀಟಿಂಗ್ ಶುರುವಾದ ಕೂಡಲೇ ಎಲ್ಲರೂ ಐದು ನಿಮಿಷ ಚೀಟಿಯಲ್ಲಿ ಬರೆಯುತ್ತಾರೆ, ಆಮೇಲೆ ಓದುತ್ತಾರೆ. ಗುಂಪಿನಲ್ಲಿ ಒಬ್ಬರು ಮಾತಾಡುವಾಗ ಉಳಿದವರ ಯೋಚನೆ ಕಾದು ಕಾದು ಆರಿಹೋಗುತ್ತದೆ. ಡೀಲ್, ಸ್ಟ್ರೋಬ ಅನ್ನೋ ಮನಶ್ಶಾಸ್ತ್ರಜ್ಞರು 1987ರಲ್ಲೇ ಇದನ್ನು ಪರೀಕ್ಷೆ ಮಾಡಿ ತೋರಿಸಿದ್ದಾರೆ. ನನ್ನ ಮಾತು ಕೊನೆಗೆ. “ಸಮಸ್ಯೆ ಏನು?” ಅನ್ನೋದನ್ನು ಬಿಟ್ಟು, “ಈ ತಿಂಗಳು ಯಾವ ಪಾಠ ಚೆನ್ನಾಗಿ ಹೋಯಿತು, ಅದರಲ್ಲಿ ಯಾರ ಕೈ ಇತ್ತು?” ಅಂತ ಕೇಳುತ್ತೇನೆ. ಚೆನ್ನಾಗಿ ನಡೆದದ್ದರಿಂದ ಶುರು ಮಾಡುವುದು ನನ್ನ ಐಡಿಯಾ ಅಲ್ಲ, ಸಂಸ್ಥೆಗಳು ಹೇಗೆ ನಡೆಯುತ್ತವೆ ಅಂತ ಅಧ್ಯಯನ ಮಾಡುವ ಕೂಪರ್‌ರೈಡರ್ ಮತ್ತು ಶ್ರೀವಾಸ್ತವ ಅನ್ನೋರು ಅದೇ 1987ರಲ್ಲಿ ಅದರ ಬಗ್ಗೆ ಬರೆದಿದ್ದಾರೆ. “ಯಾರ ಕೈ ಇತ್ತು” ಅನ್ನೋದು ಮಾತ್ರ ನನ್ನದು, ಪೆಟ್ಟು ತಿಂದು ಕಲಿತದ್ದು. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯಿರಿ. ಮೊದಲ ಎರಡು ಮೀಟಿಂಗ್ ಮುಜುಗರ ಆಗುತ್ತೆ, ಆಗಲಿ.

ನೀವು ಕೇಳಿದ ನಗದು ಬಹುಮಾನ, ಬೋರ್ಡಿನಲ್ಲಿ ಫೋಟೊ, ಇವುಗಳ ಬಗ್ಗೆ ನನ್ನ ಹತ್ತಿರ ಹೇಳೋಕೇನೂ ಇಲ್ಲ.

ಡ್ರಾಯಿಂಗ್ ಮೇಷ್ಟ್ರ ಹತ್ತಿರ ಕ್ಷಮೆ ಕೇಳಲು ನನಗೆ ಮೂರು ವರ್ಷ ಬೇಕಾಯಿತು. ಅವರು ನನ್ನ ಮುಖ ನೋಡಲಿಲ್ಲ. ಬೀರು ತೆಗೆದು ಪೆಟ್ಟಿಗೆ ಹೊರಗಿಟ್ಟರು. “ಆರನೇ ಒಂದರದ್ದು ಎರಡು ಚೂರು ಕಳೆದಿವೆ ಸರ್, ಸಂಜೆ ಕತ್ತರಿಸಿ ಇಡ್ತೀನಿ” ಅಂದರು.