ಮೆತ್ತಗಾದ ಬ್ರೇಕ್ ಪೆಡಲ್ ಎಲೆಕ್ಟ್ರಿಕ್ ಕಾರಿನ ಸಹಜ ಗುಣವೇ?

ಪ್ರಶ್ನೆ: ನಮ್ಮದು ಮೂರೂವರೆ ವರ್ಷ ಹಳೆಯ ಎಲೆಕ್ಟ್ರಿಕ್ ಕಾರು, ಓಡಿರುವುದು 41,000 ಕಿ.ಮೀ. ಕಳೆದ ತಿಂಗಳು ಸವೆದಿದ್ದ ಮುಂದಿನ ಬ್ರೇಕ್ ಪ್ಯಾಡ್‌ಗಳನ್ನು ಬದಲಾಯಿಸಿದ ಮೇಲೆ ಪೆಡಲ್ ಮೆತ್ತಗಾಗಿದೆ. ಒಮ್ಮೆ ಒತ್ತಿದರೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಕೂಡಲೇ ಇನ್ನೊಮ್ಮೆ ಒತ್ತಿದರೆ ಮೇಲೆಯೇ ಹಿಡಿಯುತ್ತದೆ. ಕೆಲಸ ಮಾಡಿದವರು ‘ಎಲೆಕ್ಟ್ರಿಕ್ ಕಾರಿನ ಬ್ರೇಕೇ ಹೀಗೆ, ರೂಢಿಯಾಗುತ್ತದೆ’ ಎನ್ನುತ್ತಾರೆ. ಮುಂದಿನ ವಾರ ಮನೆಯವರೊಂದಿಗೆ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಬೇಕಿದೆ. ಹೋಗಬಹುದೇ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಪೆಡಲ್ ಸರಿಯಾಗುವವರೆಗೆ ದಯವಿಟ್ಟು ಹೋಗಬೇಡಿ. ಘಾಟಿಯ ಮಾತಿರಲಿ, ಪಿ.ಬಿ. ರಸ್ತೆಯ ಸಂದಣಿಯಲ್ಲೂ ಈ ಕಾರನ್ನು ಓಡಿಸುವುದು ಬೇಡ. ಗ್ಯಾರೇಜಿಗೆ ಒಯ್ಯುವಾಗಲೂ ನಾಲ್ಕು ಚಕ್ರಗಳೂ ನೆಲ ಬಿಟ್ಟಿರುವಂತೆ ಟೋಯಿಂಗ್ ಲಾರಿಯ ಮೇಲೆ ಹೇರಿಸಿಕೊಂಡು ಹೋಗಿ.

ನಿಮಗೆ ಸಿಕ್ಕಿರುವ ಉತ್ತರ ತಪ್ಪು. ಎಲೆಕ್ಟ್ರಿಕ್ ಕಾರಿನಲ್ಲೂ ಚಕ್ರವನ್ನು ಹಿಡಿದು ನಿಲ್ಲಿಸುವುದು ಪೆಟ್ರೋಲ್ ಕಾರಿನಲ್ಲಿರುವಂಥದೇ ಬ್ರೇಕ್ ಆಯಿಲ್, ಪ್ಯಾಡ್ ಮತ್ತು ಪ್ಯಾಡನ್ನು ಚಕ್ರದ ಡಿಸ್ಕಿಗೆ ಅದುಮುವ ಕ್ಯಾಲಿಪರ್. ಆದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದೊಡನೆ ಮೋಟರೇ ಜನರೇಟರ್ ಆಗಿ ವೇಗವನ್ನು ಕುಗ್ಗಿಸುವುದರಿಂದ, ಅಂದರೆ ರೀಜೆನ್ ಇರುವುದರಿಂದ, ಪೆಡಲನ್ನು ಬಲವಾಗಿ ಒತ್ತುವ ಸಂದರ್ಭವೇ ಕಡಿಮೆ. ಹಾಗಾಗಿ ಬ್ರೇಕಿನ ದೋಷವು ತಿಂಗಳುಗಟ್ಟಲೆ ಮರೆಯಲ್ಲೇ ಉಳಿದು, ಎಮ್ಮೆಯೊಂದು ಅಡ್ಡ ಬಂದ ದಿನ ಒಮ್ಮೆಲೇ ಹೊರಬೀಳುತ್ತದೆ. ನನ್ನ ಆತಂಕವಿರುವುದು ಇಲ್ಲಿಯೇ.

ಕಾರನ್ನು ಸಮತಟ್ಟಾದ ಜಾಗದಲ್ಲಿ ಪಾರ್ಕ್‌ನಲ್ಲಿಟ್ಟು, ಆನ್ ಮಾಡಿ, ಪೆಡಲನ್ನು ಒಂದೇ ಸಮನಾದ ಬಲದಿಂದ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಕಾರು ಆನ್ ಆಗುವ ಕ್ಷಣದಲ್ಲಿ ಪೆಡಲ್ ತುಸು ಕೆಳಗಿಳಿಯುವುದು ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರ್‌ನ ಸಹಜ ಕೆಲಸ, ಅದಕ್ಕೆ ಹೆದರಬೇಕಿಲ್ಲ. ಅನಂತರವೂ ಅದು ನಿಧಾನವಾಗಿ ಮುಳುಗುತ್ತ ಹೋದರೆ ಪೆಡಲಿನ ಒತ್ತನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲ್ ಸೋತಿರಬೇಕು, ಇಲ್ಲವೇ ಎಲ್ಲೋ ಆಯಿಲ್ ಸೋರುತ್ತಿರಬೇಕು. ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿದಿದೆಯೇ, ಚಕ್ರಗಳ ಒಳಬದಿಯಲ್ಲಿ ಪಸೆ ಕಾಣುತ್ತಿದೆಯೇ ಎಂದು ನೋಡಿ. ನಿಮ್ಮಲ್ಲಿ ಆಗುತ್ತಿರುವಂತೆ ಎರಡನೆಯ ಒತ್ತಿಗೆ ಪೆಡಲ್ ಮೇಲೇಳುವುದಾದರೆ, ಪೈಪಿನೊಳಗೆ ಗಾಳಿ ಸೇರಿದೆ ಅಥವಾ ಪ್ಯಾಡ್ ಡಿಸ್ಕನ್ನು ಮುಟ್ಟಲು ಬೇಕಾಗುವ ಅಂತರ ಹೆಚ್ಚಾಗಿದೆ ಎಂದರ್ಥ. ಹಿಂದಿನ ಚಕ್ರಗಳಲ್ಲಿ ಡಿಸ್ಕಿನ ಬದಲು ಡ್ರಮ್ ಬ್ರೇಕ್ ಇದ್ದರೆ ಅದರೊಳಗಿನ ಬ್ರೇಕ್ ಶೂ ಅಡ್ಜಸ್ಟ್ ಆಗದಿರುವುದರಿಂದಲೂ ಹೀಗಾಗುತ್ತದೆ. ದ್ರವವು ಒತ್ತಡಕ್ಕೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನಿಮ್ಮ ಕಾಲಿನ ಬಲ ಚಕ್ರವನ್ನು ತಲುಪುವ ಮೊದಲು ಆ ಗಾಳಿಯನ್ನು ಅದುಮುವುದರಲ್ಲೇ ಕಳೆದುಹೋಗುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ರೀಜೆನ್ ಇರುವ ಕಾರಿನಲ್ಲಿ ಪ್ಯಾಡ್‌ಗಳು ಸಾಮಾನ್ಯವಾಗಿ ಹೆಚ್ಚು ಕಾಲ ಬಾಳುತ್ತವೆ, 41,000 ಕಿ.ಮೀ.ಗೇ ಸವೆದವು ಎಂದರೆ ಕ್ಯಾಲಿಪರ್ ಹಿಂದೆ ಮುಂದೆ ಜಾರುವ ಪಿನ್‌ಗಳು ಹಿಡಿದುಕೊಂಡಿರುವ ಸಾಧ್ಯತೆ ಇದೆ. ಬ್ರೇಕಿಗೆ ಕೆಲಸ ಕಡಿಮೆಯಾದಷ್ಟೂ ಈ ಪಿನ್‌ಗಳು ತುಕ್ಕಿಗೆ ಸುಲಭವಾಗಿ ಸಿಗುತ್ತವೆ. ಇಂಥದೇ ದೂರಿನ ಕಾರೊಂದರಲ್ಲಿ ಪಿನ್ನಿನ ರಬ್ಬರ್ ಮುಚ್ಚಳ ಹರಿದು, ಒಳಗೆ ಗ್ರೀಸಿನ ಬದಲು ನಮ್ಮ ಸೀಮೆಯ ಧೂಳು ಗಟ್ಟಿಯಾಗಿ ಕೂತಿದ್ದನ್ನು ನಾನು ಕೈಯಾರೆ ಕೆರೆದು ತೆಗೆದಿದ್ದೇನೆ. ಆ ಪಿನ್ ಬೆರಳಿನಿಂದ ತಿರುಗಿಸಿದರೆ ಅಲುಗಾಡುತ್ತಿರಲಿಲ್ಲ. ಪಿನ್ ಹಿಡಿದುಕೊಂಡ ಕ್ಯಾಲಿಪರ್ ನೇರವಾಗಿ ಜಾರದೆ ಓರೆಯಾಗಿ ಬಾಗುತ್ತದೆ, ಆ ಬಾಗುವಿಕೆಯೇ ಕಾಲಿಗೆ ಸ್ಪಂಜಿನಂತೆ ತಿಳಿಯುತ್ತದೆ. ಹೀಗಿರುವಾಗ ಎಷ್ಟು ಸಲ ಏರ್ ತೆಗೆದರೂ ಪ್ರಯೋಜನವಿಲ್ಲ. ಆದ್ದರಿಂದ ಮೊದಲು ಪಿನ್‌ಗಳನ್ನು ಬಿಚ್ಚಿ ಸ್ವಚ್ಛಗೊಳಿಸಿ, ರಬ್ಬರಿಗೆ ಹಾನಿ ಮಾಡದ ಬ್ರೇಕ್ ಗ್ರೀಸ್ ಹಚ್ಚಿಸಿ. ಹೊಸ ಪ್ಯಾಡ್‌ಗಳು ತಮ್ಮ ಜಾಗದಲ್ಲಿ ಸರಿಯಾಗಿ ಕೂತಿವೆಯೇ ಎಂಬುದನ್ನೂ ಆಗಲೇ ನೋಡಿಸಿ.

ಅದಾದ ಮೇಲೆ ಏರ್ ತೆಗೆಯುವ ಕೆಲಸ. ಪ್ಯಾಡ್ ಹಾಕುವಾಗ ಕ್ಯಾಲಿಪರಿನ ಪಿಸ್ಟನ್ ಹಿಂದಕ್ಕೆ ತಳ್ಳಲೆಂದು ಬ್ಲೀಡಿಂಗ್ ನಿಪ್ಪಲ್ (ಗಾಳಿ, ಆಯಿಲ್ ಹೊರಬಿಡುವ ಸಣ್ಣ ತಿರುಪು) ಸಡಿಲಿಸಿದ್ದರೆ ಗಾಳಿ ಒಳಹೋದದ್ದು ಅಲ್ಲಿಂದಲೇ ಇರಬಹುದು. ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಹೊಸ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿಟ್ಟರೆ, ಕಂದು ಬಣ್ಣದ ಹಳೆಯ ಆಯಿಲಿನೊಂದಿಗೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಬರುವುದು ಕಾಣುತ್ತದೆ. ಗುಳ್ಳೆ ನಿಂತು, ಬಣ್ಣ ತಿಳಿಯಾಗುವವರೆಗೆ ಮುಂದುವರಿಸಬೇಕು, ಮೇಲಿನ ಡಬ್ಬಿ ಬರಿದಾಗಲು ಒಮ್ಮೆಯೂ ಬಿಡಬಾರದು. ಯಾವ ಚಕ್ರದಿಂದ ಆರಂಭಿಸಬೇಕೆಂಬ ಕ್ರಮ ಮಾದರಿಯಿಂದ ಮಾದರಿಗೆ ಬೇರೆ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಘಟಕದೊಳಗೆ ಗಾಳಿ ಸೇರಿದ್ದರೆ ಸ್ಕ್ಯಾನರ್ ಜೋಡಿಸಿ ಅದರ ವಾಲ್ವ್‌ಗಳನ್ನು ತೆರೆಯಿಸಬೇಕಾಗುತ್ತದೆ. ಎಲೆಕ್ಟ್ರಾನಿಕ್ ಬೂಸ್ಟರ್ ಇರುವ ಕಾರಾದರೆ ಅದನ್ನು ಸರ್ವಿಸ್ ಸ್ಥಿತಿಗೆ ತಂದು, 12 ವೋಲ್ಟ್ ಬ್ಯಾಟರಿ ಕುಸಿಯದಂತೆ ನೋಡಿಕೊಳ್ಳಬೇಕು. ಹೀಗಾಗಿ ಇದನ್ನು ಮನೆಯಲ್ಲಿ ಮಾಡಬೇಡಿ, ಆ ಉಪಕರಣಗಳಿರುವಲ್ಲಿಯೇ ಮಾಡಿಸಿ.

ಆಯಿಲನ್ನು ಪೂರ್ತಿ ಬದಲಾಯಿಸಲು ಹೇಳಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯದು ಹೊಸತಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು; ಶೇ 3.7ರಷ್ಟು ನೀರು ಸೇರಿದಾಗಿನ ಮಿತಿ 155 ಡಿಗ್ರಿ ಮಾತ್ರ. ಘಾಟಿಯಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಆವಿಯ ಗುಳ್ಳೆಗಳಿಂದ ಪೆಡಲ್ ನೆಲ ಮುಟ್ಟುತ್ತದೆ, ತಣಿದ ಮೇಲೆ ಏನೂ ಆಗದಂತೆ ಮೇಲೇಳುತ್ತದೆ. ಎಂಜಿನ್ ಆಯಿಲ್ ಇಲ್ಲವೆಂದು ಸರ್ವಿಸನ್ನೇ ಮರೆಯುವವರಿದ್ದಾರೆ. ಬ್ರೇಕ್ ಆಯಿಲಿನ ಲೆಕ್ಕ ಕಿಲೋಮೀಟರಿನದಷ್ಟೇ ಅಲ್ಲ, ಕಾಲದ್ದೂ ಹೌದು. ಹಲವು ತಯಾರಕರು ಎರಡು ವರ್ಷಕ್ಕೊಮ್ಮೆ ಬದಲಾಯಿಸಲು ಹೇಳುತ್ತಾರೆ. ನಿಮ್ಮ ಕಾರಿಗೆ ಯಾವ ದರ್ಜೆಯದೆಂದು ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿರುತ್ತದೆ.

ಪ್ರಶ್ನೆ: ರಾತ್ರಿ ಪೂರ್ತಿ ಚಾರ್ಜ್ ಮಾಡಿ ಬೆಳಿಗ್ಗೆ ಹೊರಟರೆ ಮೊದಲ ಕೆಲವು ಕಿ.ಮೀ. ಕಾಲು ತೆಗೆದಾಗ ಕಾರು ಎಂದಿನಂತೆ ಹಿಡಿಯುವುದಿಲ್ಲ. ಬ್ರೇಕ್ ಕೆಟ್ಟಿದೆಯೇ?
– ಓದುಗರು, ಚಿತ್ರದುರ್ಗ

ಉತ್ತರ: ಇಲ್ಲ. ತುಂಬಿದ ಬ್ಯಾಟರಿಯಲ್ಲಿ ಮರಳಿ ಬರುವ ವಿದ್ಯುತ್ತಿಗೆ ಜಾಗವಿಲ್ಲದ್ದರಿಂದ ಕಾರೇ ರೀಜೆನ್ ಕಡಿಮೆ ಮಾಡುತ್ತದೆ. ಆದರೆ ಆಗಲೂ ಪೆಡಲ್ ಕಾಲಿಗೆ ಗಟ್ಟಿಯಾಗಿಯೇ ಸಿಗಬೇಕು. ಮೆತ್ತಗಿದ್ದರೆ ಮೇಲಿನ ಪರೀಕ್ಷೆಯನ್ನು ನೀವೂ ಮಾಡಿ ನೋಡಿ.