ಹುಡ್‌ವಿಂಕ್ ಅಂದ್ರೆ ಕಣ್ಣು ಹೊಡೆಯುವುದಾ?

ಪ್ರಶ್ನೆ: ಬೆಲ್ಲದ ಪಾಕವನ್ನೇ ಕೊಡಗಿನ ಜೇನು ಅಂತ ಪ್ರವಾಸಿಗರಿಗೆ ಮಾರಿದ ಸುದ್ದಿಯಲ್ಲಿ ಇಂಗ್ಲಿಷಿನ ‘ಹುಡ್‌ವಿಂಕ್’ (ಮೋಸಗೊಳಿಸು) ಅಂತ ಬರೆದಿದ್ದರು. ಮೋಸಕ್ಕೂ ಕಣ್ಣು ಹೊಡೆಯುವುದಕ್ಕೂ ಏನು ಸಂಬಂಧ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಹೊಡೆಯುವುದಲ್ಲ, ಮುಚ್ಚುವುದು! ಹುಡ್ ಅಂದರೆ ತಲೆಯ ಮುಸುಕು, ನಿಮ್ಮ ಮಳೆಗಾಲದ ಜಾಕೆಟ್ಟಿಗೂ ಇರುತ್ತಲ್ವಾ, ಅದೇ. ವಿಂಕ್ ಅಂದರೆ ಹಿಂದೆ ಎರಡೂ ಕಣ್ಣು ಮುಚ್ಚುವುದು. ಒಂದೇ ಕಣ್ಣಿನ ತುಂಟತನ ಆಮೇಲೆ ಅಂಟಿಕೊಂಡಿದ್ದು. 16ನೇ ಶತಮಾನದಲ್ಲಿ ಈ ಪದ ಬಂದಾಗ, ಮುಸುಕನ್ನು ಕಣ್ಣಿನ ಮೇಲೆ ಎಳೆದು ಏನೂ ಕಾಣದಂತೆ ಮಾಡುವುದು ಅಂತಷ್ಟೇ ಅರ್ಥವಿತ್ತು. ಕಣ್ಣಿಗೆ ಬಟ್ಟೆ ಕಟ್ಟುವ ಆಟಕ್ಕೂ ಆಗ ‘ಹುಡ್‌ಮನ್ ಬ್ಲೈಂಡ್’ ಅನ್ನುತ್ತಿದ್ದರು, ಷೇಕ್ಸ್‌ಪಿಯರನ ಹ್ಯಾಮ್ಲೆಟ್‌ನಲ್ಲೂ ಅದು ಬರುತ್ತದೆ. ಮೋಸದ ಅರ್ಥ ಹೀಗೆ ಕಣ್ಣು ಮುಚ್ಚಿಸುವುದರಿಂದಲೇ ಬೆಳೆಯಿತು. ಅಂದ ಹಾಗೆ, ಜೇನನ್ನು ನೀರಿಗೆ ಬಿಟ್ಟು ನೋಡುವ ಪರೀಕ್ಷೆಯನ್ನು ಜಾಸ್ತಿ ನಂಬಬೇಡಿ, ಗಟ್ಟಿ ಪಾಕವೂ ಹಾಗೇ ತಳಕ್ಕಿಳಿಯುತ್ತದೆ.